ತಳದಲ್ಲಿ ಒಂದು ಚಿಟಿಕೆ ಬೀಜ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಬೀಜದಕ್ಕ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೂವಿನ ಬೀಜ ಬೆಳೆದು ಮಾರುವುದು ಅವರ ಕಸುಬು. ಯಾರ ತೋಟದಲ್ಲಿ ಯಾವ ಹೂ ಅರಳಿದರೂ ಅದು ಅಸಲಿ ತಳಿಯೋ ಬೆರಕೆಯೋ ಎಂದು ತೀರ್ಪು ಕೊಡುವವರು ಅವರೇ. ಅವರ ಕಣ್ಣನ್ನು ನಂಬಿಯೇ ಜನ ಅವರ ಬೀಜ ಕೊಳ್ಳುತ್ತಿದ್ದರು. ಈಗ ಕಡುಗೆಂಪು ಚೆಂಡುಹೂವಿನ ಮೂಲಬೀಜ ಕಳುವಾಗಿದೆ, ಡಬ್ಬಿ ಮಾತ್ರ ಇದ್ದಲ್ಲೇ ಇದೆ ಎಂಬುದು ದೂರು. ತಾಯಿಯ ಕಾಲದಿಂದ ಕಾಪಾಡಿಕೊಂಡು ಬಂದದ್ದು, ಈ ವಾರ ಬಿತ್ತಬೇಕಾದದ್ದು.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಪೇಟೆ ಬೀಜದಂಗಡಿಯವನ ಮೇಲೆ. ಎಷ್ಟು ಸಲ ಕೇಳಿದ್ದ, ನಾನು ಕೊಡಲಿಲ್ಲಮ್ಮ."

ಕೊಲೆ ಸುಲಿಗೆಗಳನ್ನು ಅರೆದು ಕುಡಿದ ಹೆಣ್ಣು ಈ ಇನ್ಸ್‌ಪೆಕ್ಟರ್. ಒಂದು ಡಬ್ಬಿ ಬೀಜಕ್ಕೆ ಎಫ್‌ಐಆರ್ ಅಂದರೆ ಮೇಲಿನವರು ನಗುತ್ತಾರೆ ಎಂದು ಗೊತ್ತಿತ್ತು. ನಕ್ಕರೆ ನಗಲಿ ಬಿಡು ಅಂದುಕೊಂಡು ದಾಖಲು ಮಾಡಿದರು. ಎದುರಿಗೆ ನಿಂತವರ ಮುಖ ಮನೆಯ ಮಗುವೇ ಕಾಣೆಯಾದ ಹಾಗಿತ್ತು, ಪಾಪ.

ಬೀಜದಕ್ಕನ ಮನೆಗೆ ಹೋಗುವ ದಾರಿಯಲ್ಲೇ ಬೀಜದಂಗಡಿ. ಅಂಗಡಿಯವನು ಕೋಪಿಸಿಕೊಳ್ಳಲೂ ಇಲ್ಲ. ನಾನು ಕದಿಯುವವನಾಗಿದ್ದರೆ ಡಬ್ಬಿ ಸಮೇತ ಕದಿಯುತ್ತಿದ್ದೆ, ಬೇಕಾದರೆ ಅಂಗಡಿ ಜಾಲಾಡಿ ಎಂದ. ಮೀಸೆ ಎಂದೇ ಹೆಸರಾದ ಹೆಡ್ ಕಾನ್‌ಸ್ಟೇಬಲ್ ಮೂಲೆಮೂಲೆ ಜಾಲಾಡಿದರು. ಸಿಕ್ಕಿದ್ದು ಧೂಳು ಮತ್ತು ಸೀನು.

ಹನ್ನೊಂದು ಗಂಟೆಗೆ ಬೀಜದ ಕೋಣೆಯಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಅಲುಗಿರಲಿಲ್ಲ. ಹಲಗೆಗಳ ಮೇಲೆ ಡಬ್ಬಿಗಳು ಸಾಲಾಗಿ ನಿಂತಿದ್ದವು, ಎಲ್ಲದರ ಕೊರಳಿಗೂ ಬಣ್ಣದ ದಾರ. ಕೆಂಪು ದಾರದ್ದನ್ನು ಇನ್ಸ್‌ಪೆಕ್ಟರ್ ಬಾಗಿಸಿ ನೋಡಿದರು. ತಳದಲ್ಲಿ ಒಂದು ಚಿಟಿಕೆಯಷ್ಟು ಬೀಜ ಉಳಿದಿತ್ತು.

"ದಾಕ್ಷಿಣ್ಯದ ಕಳ್ಳ ಮೇಡಂ," ಎಂದರು ಮೀಸೆ.

ಇಷ್ಟು ಯಾಕೆ ಉಳಿಯಿತೆಂದು ಬೀಜದಕ್ಕನನ್ನು ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟರು. ಈ ಮನೆಯಲ್ಲಿ ಯಾವ ಡಬ್ಬಿಯನ್ನೂ ಬರಿದು ಮಾಡುವಂತಿಲ್ಲ. ಬಿತ್ತನೆಗೆ ತೆಗೆದರೂ ತಳದಲ್ಲಿ ಒಂದು ಚಿಟಿಕೆ ಬಿಡಬೇಕು. ಹೊಲದಲ್ಲಿ ಎಲ್ಲ ಹಾಳಾದರೂ ತಳಿ ಉಳಿಯಲಿ ಅಂತ. ಹೊರಗಿನವರಿಗೆ ಈ ರೂಢಿ ಗೊತ್ತಿಲ್ಲ.

ಮನೆಯಲ್ಲಿ ಇರುವವರು ಇಬ್ಬರೇ. ಇನ್ನೊಬ್ಬರು ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಬೀಜದ ಚೀಲ ಹೊಲಿಯುತ್ತಿದ್ದ ಗಂಡ, ಎಲ್ಲರ ಬಾಯಲ್ಲೂ ಟೈಲರ್. ಯಾರೂ ಕೇಳದೆಯೇ ಅವರು, ನಾನಂತೂ ಆ ಹಲಗೆ ಹತ್ತಿರ ಹೋಗೇ ಇಲ್ಲಪ್ಪ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಅವರಿಗೇನು ಗೊತ್ತು ಬೀಜದ ಸಂಗತಿ?" ಎಂದು ಬೀಜದಕ್ಕ ಮಾತು ಹಾರಿಸಿ, ಇನ್ಸ್‌ಪೆಕ್ಟರನ್ನು ಹೊಲಕ್ಕೆ ಕರೆದುಕೊಂಡು ಹೋದರು. ಕಳುವಾದ ತಳಿ ಎಂಥದ್ದು ಎಂದು ತೋರಿಸಬೇಕಿತ್ತು. ಕಳೆದ ಬಿತ್ತನೆಯ ಗಿಡಗಳು ಇನ್ನೂ ಹೂಬಿಟ್ಟು ನಿಂತಿದ್ದವು.

"ನೋಡಮ್ಮ, ಎಂಥ ಕಡುಗೆಂಪು! ಬಣ್ಣ ತಪ್ಪಿದ ಒಂದು ಗಿಡ ಕಂಡರೂ ನಾನು ಉಳಿಸಲ್ಲ, ಕಿತ್ತು ಎಸೀತೀನಿ."

ಅವರ ಬೆರಳುಗಳ ನಡುವೆ ಇದ್ದದ್ದು ಅಪ್ಪಟ ಕಿತ್ತಳೆ ಬಣ್ಣದ ಹೂವು. ಸಾಲುಗಟ್ಟಲೆ ಅದೇ ಬಣ್ಣ. ಕಡುಗೆಂಪಿನ ಗಿಡಗಳು ಬದುವಿನ ಮೇಲೆ ಬೇರು ಮೇಲಾಗಿ ಒಣಗುತ್ತಿದ್ದವು. ಮೀಸೆ ಏನೋ ಹೇಳಲು ಬಾಯಿ ತೆರೆದರು. ಹಿಂದೆಯೇ ಬಂದಿದ್ದ ಟೈಲರ್ ಹೆಂಡತಿಯ ಬೆನ್ನ ಹಿಂದೆ ನಿಂತು, ಬೇಡ ಬೇಡ ಎಂದು ತಲೆಯಾಡಿಸುತ್ತ ಎರಡೂ ಕೈ ಮುಗಿದರು.

ಇನ್ಸ್‌ಪೆಕ್ಟರ್ ಮೀಸೆಯನ್ನು ಕಣ್ಣಲ್ಲೇ ತಡೆದರು. "ಚೆನ್ನಾಗಿದೆ ಅಕ್ಕ," ಎಂದಷ್ಟೇ ಹೇಳಿ ಟೈಲರನ್ನು ಕೊಟ್ಟಿಗೆಯ ಪಕ್ಕಕ್ಕೆ ಕರೆದರು.

"ಮಿಕ್ಕ ಬೀಜ ಎಲ್ಲಿ?"

"ಬಿತ್ತಿದ್ದೀನಿ."

"ಎಲ್ಲಿ?"

ಟೈಲರ್ ಮೀಸೆಯ ಮುಖ ನೋಡಿದರು. "ನಿಮ್ಮ ಠಾಣೆ ಹಿಂದೆ."

ಮೀಸೆಯ ಮೀಸೆ ಇಳಿದುಹೋಯಿತು. ಮೆಣಸಿನ ಸಸಿ, ಮನೆಯಲ್ಲಿ ಜಾಗವಿಲ್ಲ ಎಂದು ಸುಳ್ಳು ಹೇಳಿ ಟೈಲರ್ ತಂದಿಟ್ಟ ಸಸಿ ತಟ್ಟೆಗಳಿಗೆ ಹತ್ತು ದಿನದಿಂದ ನೀರು ಹಾಕುತ್ತಿದ್ದವರು ಅವರೇ. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ ಇರಬೇಕು. ಠಾಣೆಯೇ ಯಾಕೆ ಎಂದರೆ, ಸುತ್ತ ಎಲ್ಲೂ ಒಂದು ಹೂಗಿಡ ಇಲ್ಲದ ಜಾಗ ಅದೊಂದೇ. ಜೇನುಹುಳು ಬೇರೆ ಚೆಂಡುಹೂವಿನ ಪರಾಗ ತಂದು ತಳಿ ಕೆಡಿಸುವ ಭಯವಿಲ್ಲ ಎಂದರು ಟೈಲರ್.

ಎರಡು ವರ್ಷದಿಂದ ಕಣ್ಣು ಮಬ್ಬಾಗಿ ಹೆಂಡತಿ ಒಳ್ಳೆಯ ಗಿಡವನ್ನೇ ಕಿತ್ತು ಬೆರಕೆಯನ್ನು ಉಳಿಸುತ್ತಿದ್ದಾಳೆ. ಒಂದು ಸಲ ಮೆಲ್ಲಗೆ ಹೇಳಿ ನೋಡಿದ್ದರು. ಆಕೆ ಬುಟ್ಟಿ ಇಟ್ಟು ಮನೆಗೆ ಬಂದವಳು ಎರಡು ದಿನ ಹೊಲದ ಕಡೆ ತಲೆ ಹಾಕಲಿಲ್ಲ. ಆಮೇಲೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಸಲಿ ತಳಿ ಉಳಿದದ್ದು ಆ ಹಳೆಯ ಡಬ್ಬಿಯಲ್ಲಿ ಮಾತ್ರ. ಅದೂ ಅವಳ ಕೈಗೆ ಸಿಕ್ಕಿದರೆ ಮುಗಿದೇಹೋಯಿತು. ತಾನೇ ಕದ್ದು ಬೆಳೆದು, ಹೊಸ ಬೀಜ ಡಬ್ಬಿಗೆ ತುಂಬಿಸಿಡೋಣ ಎಂದುಕೊಂಡಿದ್ದರು. ಈ ಸಲವೂ ಆಕೆ ಹೋದ ಬೆಳೆಯ ಬೀಜವನ್ನೇ ಬಿತ್ತುತ್ತಾಳೆ, ಹಳೆಯ ಡಬ್ಬಿ ಇಷ್ಟು ಬೇಗ ತೆಗೆಯಲಾರಳು ಎಂದು ನಂಬಿದ್ದರು.

"ಕಳ್ಳ ಅಂತ ಬರ್ಕೊಳ್ಳಿ ಮೇಡಂ, ಪರವಾಗಿಲ್ಲ. ಕಣ್ಣಿನ ವಿಷಯ ಮಾತ್ರ ಬರೀಬೇಡಿ. ಊರಿಗೆ ಗೊತ್ತಾದ್ರೆ ಅವಳು ಸತ್ತೇ ಹೋಗ್ತಾಳೆ."

ಮಧ್ಯಾಹ್ನ ಮೂರು ಗಂಟೆಗೆ ಟೈಲರ್ ಬಂಧನ. ಠಾಣೆಯ ಬೆಂಚಿನ ಮೇಲೆ ಕೂತ ಗಂಡನ ಮುಂದೆ ಬೀಜದಕ್ಕ ಬಂದು ನಿಂತರು.

"ಯಾಕೆ ತಗೊಂಡ್ರಿ?"

"ಮಾರೋಣ ಅಂತ."

"ಮೂವತ್ತು ವರ್ಷ ಸಂಸಾರ ಮಾಡಿದ್ರೂ ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬರಲ್ಲ ನಿಮಗೆ." ಅವರು ಪಕ್ಕದಲ್ಲೇ ಕೂತರು. ದನಿ ಇಳಿಯಿತು. "ಆ ಚಿಟಿಕೆ ನೋಡಿದಾಗಲೇ ಗೊತ್ತಾಯ್ತು. ಬೇರೆ ಯಾರಾದ್ರೂ ಕದ್ದಿರಲಿ ದೇವರೇ ಅಂದ್ಕೊಂಡೆ. ನೀವಾದ್ರೆ ನನ್ನ ಕಣ್ಣು ಹೋಗಿರೋದು ನಿಜ ಅಂತಾಗುತ್ತಲ್ಲ."

ಟೈಲರ್ ತಲೆ ತಗ್ಗಿಸಿದರು. ಮೀಸೆ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡು, ಹಾಳು ಧೂಳು ಎಂದು ಗೊಣಗಿದರು.

ಠಾಣೆಯಲ್ಲೇ ಜಾಮೀನು ಕೊಡಬಹುದಿತ್ತು. ಜಾಮೀನಿಗೆ ನಿಂತವರು ಯಾರು ಅಂದರೆ ದೂರುದಾರರೇ. ಇನ್ಸ್‌ಪೆಕ್ಟರರ ನೌಕರಿಯಲ್ಲೇ ಇಂಥದ್ದು ಮೊದಲು. ಬೀಜದಕ್ಕ ಪೆನ್ನು ಹಿಡಿದು ಕಾಗದದ ಮೇಲೆ ತಡಕಾಡಿದರು. ಟೈಲರ್ ಆ ಕೈ ಹಿಡಿದು ಸಹಿಯ ಜಾಗಕ್ಕೆ ತಂದಿಟ್ಟರು. ಆಕೆ ಕೊಡವಿಕೊಳ್ಳಲಿಲ್ಲ.

"ಇನ್ಮೇಲೆ ಬಣ್ಣ ನೀವು ಹೇಳಿ," ಅಂದರು ಸಹಿ ಹಾಕುತ್ತ. "ಕೀಳೋದು ನಾನೇ."

ಅವರಿಬ್ಬರೂ ಹೋದ ಮೇಲೆ ಇನ್ಸ್‌ಪೆಕ್ಟರ್ ವರದಿ ಬರೆಯಲು ಕೂತರು. ಅಪರಾಧದ ಉದ್ದೇಶ ಎಂಬಲ್ಲಿ ಬಹಳ ಹೊತ್ತು ಪೆನ್ನು ನಿಂತಿತು. ಕೊನೆಗೆ ಬರೆದರು: ಆರೋಪಿಯು ತನ್ನ ಹೆಂಡತಿಯ ಹೆಸರು ಕೆಡಬಾರದೆಂದು ಕದ್ದಿರುತ್ತಾನೆ. ಕಣ್ಣಿನ ಮಾತನ್ನು ಎಲ್ಲೂ ಬರೆಯಲಿಲ್ಲ.