ಕಾಣೆಯಾದ ಹರ್ನಿಯಾ

ದೂರು ಠಾಣೆಗೆ ಬಂದದ್ದು 14ನೇ ತಾರೀಖು, ಮಂಗಳವಾರ, ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ. ತಂದವರು ದೊಡ್ಡಾಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತರು. ನರ್ಸುಗಳು ಬೆನ್ನ ಹಿಂದೆ ಅವರನ್ನು ಕಡತಪ್ಪ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ದೂರನ್ನು ಮೂರು ಪ್ರತಿ ಮಾಡಿ, ಮೂರಕ್ಕೂ ಮೊಹರು ಒತ್ತಿ ತಂದಿದ್ದರು.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದು ಕಡತ, ಸಾರ್. ನಂಬರ್ 2683."

"ಅದರಲ್ಲೇನಿತ್ತು?"

"ಹರ್ನಿಯಾ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ಹಸು, ಗಡಿಯಾರ, ಒಮ್ಮೆ ಒಂದು ಇಡೀ ಬಾಗಿಲು ಕಳುವಾದದ್ದನ್ನು ಬರೆದುಕೊಂಡಿದ್ದರು. ಹರ್ನಿಯಾ ಇದೇ ಮೊದಲು.

ಕಡತಪ್ಪ ವಿವರಿಸಿದರು. ಹನ್ನೆರಡು ವರ್ಷ ದಾಟಿದ ಕಡತಗಳನ್ನೆಲ್ಲ ಈ ತಿಂಗಳ 30ಕ್ಕೆ ಯಂತ್ರಕ್ಕೆ ಹಾಕಿ ಚೂರು ಮಾಡಬೇಕೆಂದು ಆದೇಶವಾಗಿತ್ತು. ಹಾಗೆ ಹಾಕುವ ಮುಂಚೆ ಎಣಿಸಲೇಬೇಕು, ಅದು ನಿಯಮ. ಎಣಿಸುವಾಗ ಒಂದು ಕಟ್ಟಿನಲ್ಲಿ ಹತ್ತರ ಬದಲು ಒಂಬತ್ತು ಸಿಕ್ಕಿದವು.

"ಹೇಗಿದ್ರೂ ಚೂರು ಮಾಡೋ ಕಡತ. ಒಂದು ಕಡಿಮೆಯಾದ್ರೆ ಕೆಲಸ ಹಗುರ ಆಯ್ತಲ್ಲ?"

"ಅದ್ಹೇಗೆ ಸಾರ್? ನಾಶ ಆಯ್ತು ಅಂತ ರುಜು ಹಾಕೋದು ನಾನು. ಇಲ್ಲದೇ ಇರೋದನ್ನ ಹೇಗೆ ನಾಶ ಮಾಡ್ಲಿ?"

ಇನ್ಸ್‌ಪೆಕ್ಟರ್ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. 11.45ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.30ಕ್ಕೆ ಇನ್ಸ್‌ಪೆಕ್ಟರ್, ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಮತ್ತು ಇಬ್ಬರು ಪಂಚರು ಆಸ್ಪತ್ರೆಯ ನೆಲಮಾಳಿಗೆಗೆ ಇಳಿದರು. ಕೋಣೆಗೆ ಒಂದು ಬಾಗಿಲು, ಮೂರು ಟ್ಯೂಬ್‌ಲೈಟು, ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು. ಹತ್ತತ್ತು ಕಡತಕ್ಕೆ ಒಂದು ಕಟ್ಟು, ಪ್ರತಿ ಕಟ್ಟಿಗೂ ಬಿಳಿ ಲಾಡಿ. ಕಡತಗಳ ಮೇಲೆ ನಂಬರುಗಳನ್ನು ಮೊಹರಿನಿಂದ ಒತ್ತಲಾಗಿತ್ತು.

"ಊಟಕ್ಕೆ ಹೋಗುವಾಗ ಬೀಗ ಹಾಕ್ತೀರಾ?"

"ಚಿಲಕ ಹಾಕ್ತೀನಿ ಸಾರ್."

"ಬೀಗ?"

"ಬೀಗದ ಕೈ ಕಾಣ್ತಾ ಇಲ್ಲ. ಎರಡು ವರ್ಷ ಆಯ್ತು."

"ಅದಕ್ಕೊಂದು ದೂರು ಕೊಡ್ಲಿಲ್ವಾ?"

"ಅದು ಕಟ್ಟಡ ವಿಭಾಗಕ್ಕೆ ಸೇರಿದ್ದು, ಸಾರ್."

ಹೆಡ್ ಕಾನ್‌ಸ್ಟೇಬಲ್ ಅಷ್ಟರಲ್ಲಿ ಒಂಬತ್ತು ಕಡತಗಳ ಕಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. "ಸಾರ್, ಬೇರೆ ಕಟ್ಟುಗಳಿಗೆಲ್ಲ ಸುಮ್ನೆ ಸುತ್ತಿ ಸಿಗಿಸಿದಾರೆ. ಇದಕ್ಕೆ ಮಾತ್ರ ಜೋಡಿ ಗಂಟು, ಲಾಡಿಯ ಎರಡು ತುದಿನೂ ಸಮ. ಕದ್ದವರ ಕೈ ಬಹಳ ಅಚ್ಚುಕಟ್ಟು."

ಪಂಚನಾಮೆಯಲ್ಲಿ ಬರೆಯಲಾಯಿತು: 'ಗಂಟು ಕಚೇರಿಯದಲ್ಲ.' ಕಡತಪ್ಪನವರಿಗೆ ಇದರಿಂದ ಸ್ವಲ್ಪ ನೋವಾಯಿತು.

3 ಗಂಟೆಗೆ, ನೋಂದಣಿ ಪುಸ್ತಕದಲ್ಲಿದ್ದ ವಿವರದಿಂದ, ಹರ್ನಿಯಾದ ಯಜಮಾನರನ್ನು ಫೋನಿನಲ್ಲಿ ಹಿಡಿದರು. ಆಸಾಮಿ ಗಟ್ಟಿಮುಟ್ಟಾಗಿದ್ದಾರೆಂದು ಧ್ವನಿಯೇ ಹೇಳುತ್ತಿತ್ತು. "ನನ್ನ ಹರ್ನಿಯಾನಾ? ಅದನ್ನ ಯಾಕ್ರೀ ಕದೀಬೇಕು? ಕೇಳಿದ್ರೆ ಹೊಲಿಗೆ ಗುರುತು ಸಮೇತ ತೋರಿಸ್ತಿದ್ದೆ." ಅವರಿಗೆ ಶತ್ರುಗಳಿರಲಿಲ್ಲ, ವ್ಯಾಜ್ಯವಿರಲಿಲ್ಲ, ವಿಮೆಯೂ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಇನ್ಸ್‌ಪೆಕ್ಟರ್ ಕಡತಪ್ಪನವರನ್ನು ಕೇಳಿದರು: "ಈ 2683 ಬೇಕು ಅಂತ ಯಾರಾದ್ರೂ ಹಿಂದೆ ಕೇಳಿದ್ರಾ?"

"ಒಬ್ಬ ಹೆಣ್ಣುಮಗಳು. ಎರಡು ವರ್ಷದಲ್ಲಿ ಒಂಬತ್ತು ಅರ್ಜಿ. ತೀರಿಹೋದ ತಾಯಿಯ ಕಡತ ಬೇಕು ಅಂತ. ಆದ್ರೆ ಆ ನಂಬರಿನಲ್ಲಿ ಆಯಮ್ಮನ ತಾಯಿ ಇಲ್ಲ ಸಾರ್, ಈ ಗಂಡಸು ಇದಾನೆ. ಒಂಬತ್ತು ಸಲವೂ ಹಾಗೇ ಉತ್ತರ ಕೊಟ್ಟಿದೀನಿ."

"ಹೆಸರಿನಿಂದ ಹುಡುಕಬಹುದಿತ್ತಲ್ಲ?"

"ನಮ್ಮಲ್ಲಿ ಎಲ್ಲಾ ನಂಬರ್ ಪ್ರಕಾರ, ಸಾರ್."

ಒಂಬತ್ತು ಅರ್ಜಿಗಳನ್ನೂ ತರಿಸಿದರು. ಮೊದಲನೆಯದರಲ್ಲಿ ಅಕ್ಷರ ದುಂಡಗಿತ್ತು, 'ದಯವಿಟ್ಟು' ಮೂರು ಸಲ ಬಂದಿತ್ತು. ಒಂಬತ್ತನೆಯದರಲ್ಲಿ 'ದಯವಿಟ್ಟು' ಇರಲಿಲ್ಲ. ಪ್ರತಿಯೊಂದರ ಜೊತೆಗೂ ಒಂದೇ ಚೀಟಿಯ ನಕಲು: ತಾಯಿ ತೀರಿಕೊಂಡ ದಿನ ವಾರ್ಡಿನ ಅಂದಿನ ಬರಹಗಾರರು ಹಾಸಿಗೆಯ ಮತ್ತು ಕಡತದ ನಂಬರನ್ನು ಕೈಯಲ್ಲಿ ಬರೆದುಕೊಟ್ಟದ್ದು.

ಹೆಡ್ ಕಾನ್‌ಸ್ಟೇಬಲ್ ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಆಮೇಲೆ ನಕ್ಕರು.

"ಏನಮ್ಮಾ?"

"ನಮ್ಮ ಚಿಕ್ಕಪ್ಪನ ನೆನಪಾಯ್ತು ಸಾರ್. ಅವರು ಫೋನ್ ನಂಬರ್ ಬರೆದುಕೊಟ್ರೆ ಯಾವಾಗಲೂ ಬೇರೆ ಯಾರೋ ಎತ್ತೋರು. ಉಳಿದ ಅಂಕಿಯೆಲ್ಲ ಇಂಗ್ಲಿಷು, ನಾಲ್ಕು ಮಾತ್ರ ಕನ್ನಡದ್ದು. ಕೈಗೆ ಅಂಟಿದ ಅಭ್ಯಾಸ." ಅವರು ಚೀಟಿಯನ್ನು ಮೇಜಿನ ಮೇಲೆ ಇಟ್ಟರು. "ಇಲ್ಲಿ ನೋಡಿ. ಹಾಸಿಗೆ ನಂಬರ್ 18. ಈ ಎಂಟಿನ ತಲೆ ಮುಚ್ಚಿದೆ. ಕಡತದ ನಂಬರಿನಲ್ಲಿರೋದರ ತಲೆ ತೆರೆದಿದೆ. ಇದು ಎಂಟಲ್ಲ ಸಾರ್. 26೪3."

ಕಡತಪ್ಪ ಎದ್ದು ಹೋಗಿ, ಎರಡು ಕಪಾಟುಗಳಾಚೆ ಏಣಿ ಹತ್ತಿ, ಇಳಿದು ಬಂದರು. ಕೈಯಲ್ಲಿ 2643. ಮೊದಲ ಹಾಳೆಯಲ್ಲೇ ಆ ತಾಯಿಯ ಹೆಸರಿತ್ತು.

"ಎರಡು ವರ್ಷ," ಎಂದರು ಕಡತಪ್ಪ. "ಹನ್ನೆರಡು ಹೆಜ್ಜೆ ದೂರದಲ್ಲಿ." ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆ ಸಂಜೆ ಅವರು ಮನೆಗೆ ಹೋಗುವ ಮುಂಚೆ, 'ಹೊಂದಾಣಿಕೆಯಾಗುತ್ತಿಲ್ಲ' ಎಂದು ತಾವು ತಿರಸ್ಕರಿಸಿದ್ದ ಅರ್ಜಿಗಳನ್ನೆಲ್ಲ ಹೊರಗೆ ತೆಗೆದು, ನಂಬರಿನಲ್ಲಿ ಎಂಟಿರುವವನ್ನು ಬೇರೆ ಮಾಡತೊಡಗಿದರು ಎಂದು ಕಾವಲುಗಾರ ಆಮೇಲೆ ಹೇಳಿದ. ಯಾರೂ ಅವರಿಗೆ ಆದೇಶ ಕೊಟ್ಟಿರಲಿಲ್ಲ. ಅವರ ಸೇವೆಯಲ್ಲಿ ಅದು ಅಪರೂಪದ ಘಟನೆ.

ಕಾವಲುಗಾರನ ಪುಸ್ತಕ ಉಳಿದ ಕೆಲಸ ಮಾಡಿತು. ಹಿಂದಿನ ಶುಕ್ರವಾರ, ಮಧ್ಯಾಹ್ನ 1.05: 'ಹೊಲಿಗೆಯವರು, ಪರದೆ ಅಳತೆ, ನೆಲಮಾಳಿಗೆ.' ಅರ್ಜಿಗಳಲ್ಲಿದ್ದ ವಿಳಾಸವೂ ಒಂದು ಹೊಲಿಗೆ ಅಂಗಡಿಯದೇ.

ಬುಧವಾರ ಬೆಳಿಗ್ಗೆ 10.20. ಕಿರಿದಾದ ಅಂಗಡಿ, ಎರಡು ಯಂತ್ರ, ಹಸಿರು ಪರದೆ ಬಟ್ಟೆಯ ಸುರುಳಿಗಳು, ನೆಲದ ತುಂಬ ದಾರದ ತುಣುಕು. ಯಂತ್ರದ ಮುಂದೆ ಮೂವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಳತೆ ಟೇಪು.

"ಶುಕ್ರವಾರ ಮಧ್ಯಾಹ್ನ ಎಲ್ಲಿದ್ರಿ?"

"ಆಸ್ಪತ್ರೇಲಿ. ವರ್ಷಾ ವರ್ಷಾ ಅಲ್ಲಿನ ಪರದೆ ನಾನೇ ಹೊಲಿಯೋದು."

"ದಾಖಲೆ ಕೋಣೇಲೇನು ಕೆಲಸ?"

"ಕಿಟಕಿ ಅಳತೆ ತಗೊಂಡೆ."

"ಎಷ್ಟು ಬಂತು?"

"ನಾಲ್ಕಡಿ, ಮೂರಡಿ."

"ಆ ಕೋಣೆಗೆ ಕಿಟಕಿನೇ ಇಲ್ವಲ್ಲಮ್ಮ."

ಆಕೆ ಯಂತ್ರದ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದರು. ಹೆಡ್ ಕಾನ್‌ಸ್ಟೇಬಲ್ ತುಟಿ ಕಚ್ಚಿಕೊಂಡು ದಾರದ ಉಂಡೆಗಳನ್ನು ನೋಡತೊಡಗಿದರು.

"ಸುಳ್ಳು ಹೇಳಿ ರೂಢಿ ಇಲ್ಲ," ಎಂದರು ಆಕೆ. ಎದ್ದು, ಬಟ್ಟೆ ಸುರುಳಿಗಳ ಅಡಿಯಿಂದ ಒಂದು ಪೊಟ್ಟಣ ತೆಗೆದರು. ಕಳವು ಮಾಲನ್ನು ಇಷ್ಟು ಶುಭ್ರವಾದ ಬಟ್ಟೆಯಲ್ಲಿ ಸುತ್ತಿಟ್ಟದ್ದನ್ನು ಇನ್ಸ್‌ಪೆಕ್ಟರ್ ಕಂಡಿರಲಿಲ್ಲ. "ತಗೊಳ್ಳಿ. ಈ ಯಜಮಾನ್ರಿಗೆ ಹರ್ನಿಯಾ ಇತ್ತು. ಆಪರೇಷನ್ ಚೆನ್ನಾಗಾಯ್ತು, ಆರನೇ ದಿನ ಮನೆಗೆ ಹೋದ್ರು. ಮೂರು ಸಲ ಓದಿದೀನಿ. ಮಧ್ಯದಲ್ಲಿ ಎಲ್ಲಾದ್ರೂ ನಮ್ಮಮ್ಮನ ಹಾಳೆ ಸೇರ್ಕೊಂಡಿರುತ್ತೇನೋ ಅಂತ."

"ತೆಗೆಯುವಾಗ ನೋಡ್ಲಿಲ್ವಾ?"

"ಎದೆ ಹೊಡ್ಕೊಳ್ತಿತ್ತು. ನಂಬರ್ ನೋಡ್ದೆ, ಪರದೇಲಿ ಸುತ್ತಿ ಬಂದ್ಬಿಟ್ಟೆ."

"ಗಂಟು ಹಾಕೋಕೆ ಮಾತ್ರ ಪುರುಸೊತ್ತಿತ್ತು."

"ಬಿಚ್ಚಿದ್ದನ್ನ ಕಟ್ಟದೆ ಬರೋಕಾಗುತ್ತಾ?"

"ಅಷ್ಟೊಂದು ಬೇಕಾಗಿದ್ದೇನು, ಆ ಕಡತದಲ್ಲಿ?"

ಆಕೆ ಕೂತರು. ಉತ್ತರವನ್ನು ಮನಸ್ಸಿನಲ್ಲಿ ಹಲವು ಸಲ ಹೇಳಿಕೊಂಡವರ ಹಾಗೆ ಹೇಳಿದರು. ಆಗ ಆಕೆಗೆ ಹತ್ತೊಂಬತ್ತು ವಯಸ್ಸು. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಮೂರನೇ ದಿನ. ಮಂಚದ ತಲೆದೆಸೆಗೆ ಬೋರ್ಡು ತೂಗುತ್ತಿತ್ತು: 'ಬಾಯಿಗೆ ಏನನ್ನೂ ಕೊಡಬೇಡಿ.' ಅಮ್ಮ ನೀರು ಕೇಳಿದರು. ಒಂದು ಸಲ ಅಲ್ಲ, ಬೆಳಗಿನಿಂದ. ಮಧ್ಯಾಹ್ನ ಯಾರೂ ಇಲ್ಲದಾಗ ಮಗಳು ಅರ್ಧ ಲೋಟ ಕುಡಿಸಿದರು. ಅವತ್ತು ಸಂಜೆಯೇ ಅಮ್ಮ ಹೋದರು.

"ಮನೇಲಿ ಅಣ್ಣ ಕೇಳಿದ, ನೀನೇನಾದ್ರೂ ಕೊಟ್ಯಾ ಅಂತ. ಹೂಂ ಅಂದೆ. ಅವನು ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ." ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಅರ್ಜಿ ಹಾಕೋಕೆ ಧೈರ್ಯ ಬರಲು ಹತ್ತು ವರ್ಷ ಬೇಕಾಯ್ತು. ಹಾಕಿದ್ರೆ ಅಲ್ಲಿ ನಿಮ್ಮಮ್ಮ ಇಲ್ಲವೇ ಇಲ್ಲ ಅಂತಾರೆ. ಮೊನ್ನೆ ನೋಟಿಸ್ ಹಚ್ಚಿದ್ರು, ಮೂವತ್ತಕ್ಕೆ ಎಲ್ಲಾ ಚೂರು ಅಂತ. ನಾನು ಕೊಂದಿದ್ರೆ ಕೊಂದಿದೀನಿ ಅಂತಾದ್ರೂ ಗೊತ್ತಾಗ್ಬೇಕಲ್ಲ, ಸಾರ್."

10.55ಕ್ಕೆ ದಸ್ತಗಿರಿ. ಕಳವು ಒಪ್ಪಿಕೊಂಡಾಗಿತ್ತು, ಮಾಲು ಸಿಕ್ಕಿತ್ತು, ಬೇರೆ ಮಾರ್ಗವಿರಲಿಲ್ಲ. ಆಕೆ ಯಂತ್ರಕ್ಕೆ ಹೊದಿಕೆ ಹಾಕಿ, ದೀಪ ಆರಿಸಿ, ಹೆಡ್ ಕಾನ್‌ಸ್ಟೇಬಲ್ ಜೊತೆ ಜೀಪು ಹತ್ತಿದರು.

ಕಳವಿನ ಉದ್ದೇಶ ಸಾಬೀತು ಮಾಡಲು 2643 ಅಗತ್ಯ ದಾಖಲೆ ಎಂದು ಇನ್ಸ್‌ಪೆಕ್ಟರ್ ಅದನ್ನೂ ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಓದಲು ಹೋದರೆ ಒಂದಕ್ಷರವೂ ಅರ್ಥವಾಗಲಿಲ್ಲ. ವೈದ್ಯರ ಬರವಣಿಗೆಗೆ ಇನ್ನೊಬ್ಬ ವೈದ್ಯರೇ ಬೇಕು. ಸಂಜೆ 4 ಗಂಟೆಗೆ ಆಸ್ಪತ್ರೆಯಿಂದ ಒಬ್ಬ ವೈದ್ಯೆ ಹೇಳಿಕೆ ಕೊಡಲು ಬಂದರು. ಜಾಮೀನಿಗೆ ನಿಲ್ಲಲು ಆರೋಪಿಯ ಅಣ್ಣ ಬಂದಿದ್ದ. ಬಸ್ ಚಾಲಕ. ಖಾಕಿ ಅಂಗಿಯಲ್ಲೇ ಬಂದವನು ಪೊಲೀಸರ ನಡುವೆ ಯಾರಿಗೂ ಬೇರೆಯಾಗಿ ಕಾಣಲಿಲ್ಲ.

ವೈದ್ಯೆ ಹಾಳೆಗಳನ್ನು ತಿರುವಿದರು. ಎಲ್ಲರೂ ಅವರ ಬೆರಳನ್ನೇ ನೋಡುತ್ತಿದ್ದರು.

"ಮೂರನೇ ದಿನ, ಬೆಳಿಗ್ಗೆ 10.40. ದೊಡ್ಡ ಡಾಕ್ಟರ್ ಬರೆದಿದಾರೆ. 'ಬಾಯಿಂದ ನೀರು ಶುರು ಮಾಡಬಹುದು.'"

"ಆದ್ರೆ ಬೋರ್ಡಿತ್ತು," ಎಂದರು ಮಗಳು.

"ಬೋರ್ಡ್ ತೆಗೆಯೋದು ಮರೆತಿದಾರೆ. ಇಲ್ಲಿ ನರ್ಸ್ ಅದನ್ನೂ ಬರೆದಿದಾರೆ. ಮಧ್ಯಾಹ್ನ 2.15. 'ಮಗಳು ಅರ್ಧ ಲೋಟ ನೀರು ಕುಡಿಸಿದ್ದಾಗಿ ರೋಗಿ ಹೇಳಿದರು. ವಾಂತಿ ಇಲ್ಲ, ನೋವಿಲ್ಲ. ಈಗ ಜೀವ ಬಂತು ಎಂದರು. ಬೋರ್ಡು ಇನ್ನೂ ಅಲ್ಲೇ ಇದೆ, ತೆಗೆಸಿದೆ.'" ಇನ್ನೊಂದು ಹಾಳೆ ತಿರುವಿದರು. "ತೀರಿಕೊಂಡದ್ದು 5.50ಕ್ಕೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿದೆ. ಆಪರೇಷನ್ ಆದಮೇಲೆ ಕೆಲವರಿಗೆ ಹೀಗಾಗುತ್ತೆ."

"ನೀರಿಂದ ಅಲ್ವಾ?"

"ನೀರಿಗೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ. ಒಂದು ಹನೀನೂ ಇಲ್ಲ."

ಮಗಳು ಮೇಜಿನ ಅಂಚು ಹಿಡಿದುಕೊಂಡರು. "ಆ ಮಾತು ಇನ್ನೊಂದ್ಸಲ ಓದಿ, ಡಾಕ್ಟ್ರೇ."

"ಯಾವುದು, ರಕ್ತ ಹೆಪ್ಪುಗಟ್ಟಿದ್ದಾ?"

"ಅದಲ್ಲ. ಜೀವ ಬಂತು ಅಂದಿದ್ದು."

ವೈದ್ಯೆ ಓದಿದರು. ಕೇಳದೆಯೇ ಮತ್ತೊಂದು ಸಲ ಓದಿದರು.

ಅಣ್ಣ ಗೋಡೆಯ ಕಡೆ ತಿರುಗಿ ನಿಂತಿದ್ದ. "ನಾನವತ್ತು ಕೇಳ್ಬಾರ್ದಿತ್ತು ಕಣೇ."

"ಒಂದೇ ಸಲ ತಾನೇ ಕೇಳಿದ್ದು."

"ಒಂದ್ಸಲಕ್ಕೇ ಇಷ್ಟಾಯ್ತಲ್ಲ." ಮೂಗು ಒರೆಸಿಕೊಂಡ. "ಅಮ್ಮ ಬೆಳಗಿಂದ ನನ್ನ ಹತ್ರಾನೂ ನೀರು ಕೇಳಿದ್ಲು. ನಾನು ಬೋರ್ಡ್ ತೋರಿಸ್ದೆ. ಪುಣ್ಯಕ್ಕೆ ನೀನಾದ್ರೂ ಕೊಟ್ಟೆ."

ಆಕೆ ಅಣ್ಣನನ್ನು ನೋಡಿದರು. ಹನ್ನೆರಡು ವರ್ಷ ಅವನೂ ಏನನ್ನೋ ಹೊತ್ತುಕೊಂಡಿದ್ದ ಎಂಬುದು ಆಕೆಗೆ ಈಗ ಗೊತ್ತಾದಂತಿತ್ತು. ಎದ್ದು ಹೋಗಿ ಅವನ ಅಂಗಿಯ ತೋಳು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. "ಗುಂಡಿ ಕಿತ್ತುಹೋಗಿದೆ ನೋಡು. ಅಂಗಡಿಗೆ ಬಾ, ಹಾಕಿಕೊಡ್ತೀನಿ."

"ಮೊದಲು ಜಾಮೀನಾಗ್ಲಿ," ಎಂದರು ಹೆಡ್ ಕಾನ್‌ಸ್ಟೇಬಲ್. ಅಣ್ಣ ತಂಗಿ ಇಬ್ಬರೂ ನಕ್ಕುಬಿಟ್ಟರು, ಆ ಕೋಣೆಗೆ ಸ್ವಲ್ಪ ಹೆಚ್ಚೇ ಎನಿಸುವಷ್ಟು.

5.30ಕ್ಕೆ ಕಾಗದಗಳಿಗೆ ರುಜು ಬಿತ್ತು. ಹೊರಡುವಾಗ ಆಕೆ ಹಿಂಜರಿಯುತ್ತ ಕೇಳಿದರು: "ಸಾರ್, ಆ ಹಾಳೆಯ ನಕಲು ಬೇಕಿತ್ತು. ಅರ್ಜಿ ಬರೀಬೇಕಾ?"

ಇನ್ಸ್‌ಪೆಕ್ಟರ್ ಕಡತವನ್ನು ಮುಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಮಗಳು ಕೇಳಿದ್ರೆ ಅರ್ಜಿ ಬೇಕು, ನಂಬರ್ ಬೇಕು, ಒಂಬತ್ತು ಸಲ ಬರಬೇಕು. ಆರೋಪಿಗೆ ಹಾಗಲ್ಲಮ್ಮ. ಆರೋಪಪಟ್ಟಿಯ ಜೊತೆ ಅಷ್ಟೂ ಹಾಳೆಯ ನಕಲನ್ನ ನಾವೇ ಕರೆದು ಕೊಡ್ಬೇಕು. ಕಾನೂನು."

ಅವರು ಹೋದ ಮೇಲೆ ಇನ್ಸ್‌ಪೆಕ್ಟರ್ ಪ್ರಕರಣದ ದಿನಚರಿ ತೆರೆದರು. 'ಉದ್ದೇಶ' ಎಂಬಲ್ಲಿ ಸ್ವಲ್ಪ ತಡೆದು, ಹೀಗೆ ಬರೆದರು: 'ಆರೋಪಿಯು ಯಾವ ಲಾಭಕ್ಕಾಗಿಯೂ ಕದ್ದಿರುವುದಿಲ್ಲ. ಹಿಂದಿನ ಒಂದು ಪ್ರಕರಣದಲ್ಲಿ ತನ್ನ ಮೇಲೆ ತಾನೇ ಹೊರಿಸಿಕೊಂಡಿದ್ದ ಆರೋಪದ ಸತ್ಯಾಸತ್ಯತೆ ತಿಳಿಯಲು ಈ ಕೃತ್ಯ ಎಸಗಿರುತ್ತಾರೆ. ಸದರಿ ಹಿಂದಿನ ಪ್ರಕರಣವನ್ನು ಪರಿಶೀಲಿಸಲಾಗಿ, ಅದರಲ್ಲಿ ಯಾವುದೇ ಹುರುಳಿಲ್ಲವೆಂದು ಕಂಡುಬಂದಿರುತ್ತದೆ.'