ಪಕ್ಕದ ಹಾಸಿಗೆಯ ಮಾತು

ವೀರಭದ್ರಪ್ಪ ಮೆಣಸಿನಕಾಯಿ ಮನಸ್ಸಿನಲ್ಲೇ ಚಹಾ ಕೇಳಿದರು. ಕತ್ತಿನ ಪಟ್ಟಿಯಲ್ಲಿದ್ದ ನುಡಿಯಂತ್ರ ಅವರದೇ ಹಳೆಯ ದನಿಯಲ್ಲಿ ಹೇಳಿತು: “ಸಿಸ್ಟರ್, ಒಂದ್ ಕಪ್ ಚಾ ಕೊಡ್ರಿ. ಎಡಗಾಲು ಸುಡಾಕತ್ತೈತಿ. ಬೂಟು ಬಿಚ್ರಿ. ನಾ ಎಚ್ಚರ ಅದೀನಿ.”

ಅವರ ಕಾಲಲ್ಲಿ ಬೂಟೂ ಇರಲಿಲ್ಲ, ನೋವೂ ಇರಲಿಲ್ಲ.

ಮೂವತ್ತು ವರ್ಷ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿದ್ದ ಮನುಷ್ಯ. ಕ್ಯಾನ್ಸರ್‌ನಿಂದ ದನಿಪೆಟ್ಟಿಗೆ ಕಳೆದುಕೊಂಡ ಮೇಲೆ ಈ ಯಂತ್ರವೇ ಅವರಿಗೆ ದನಿ. ಅದರಲ್ಲಿ ಬೇರೆಯವರ ಮಾತು ಬಂದದ್ದು ಸಹಿಸಲಾಗದೆ, ಯಂತ್ರ ರೂಪಿಸಿದ ಡಾ. ಮೇಧಾ ಜೋಶಿಯವರನ್ನು ವಾರ್ಡಿಗೇ ಕರೆಸಿದರು.

“ನನ್ನ ಬಾಯಾಗ ಯಾರ ಮಾತ್ರೀ ಅವು?”

ಮೇಧಾ ವಿವರಿಸಿದರು. ವಾರ್ಡಿನ ಹನ್ನೆರಡು ಹಾಸಿಗೆಗಳಿಗೂ ಒಂದೇ ಗಣಕ. ಅದರ ಸ್ಮೃತಿಯಲ್ಲಿ ಪ್ರತಿ ರೋಗಿಗೂ ಒಂದೊಂದು ಅಂಗಳ. ಅವರ ಮಾತು ಮೊದಲು ಅಲ್ಲಿ ಅಕ್ಷರಗಳಾಗಿ ಕೂರುತ್ತದೆ. ‘ಇಂಥ ಜಾಗದಿಂದ ಇಷ್ಟು ಅಕ್ಷರ ತೆಗೆದುಕೋ’ ಎಂದು ಕತ್ತಿನ ಪಟ್ಟಿ ತಿಳಿಸುತ್ತದೆ. ತೆಗೆದು ನುಡಿಯುವುದು ಗಣಕದ ಒಡೆಯನಂತಿರುವ ತಿರುಳುತಂತ್ರ. ಅದಕ್ಕೆ ಎಲ್ಲ ಅಂಗಳಗಳೂ ಕಾಣುತ್ತವೆ. ಆದ್ದರಿಂದಲೇ ಅದು ಯಾರ ಲೆಕ್ಕವನ್ನೂ ನಂಬಬಾರದು. ಕೇಳಿದ ಜಾಗದ ಮೊದಲೂ ಕೊನೆಯೂ ಕೇಳಿದವರ ಅಂಗಳದೊಳಗೇ ಇದೆಯೇ ಎಂದು ನೋಡಬೇಕು. ಇದ್ದರೆ ನಕಲು ಮಾಡಿಕೊಂಡು ಆ ನಕಲನ್ನಷ್ಟೇ ಓದಬೇಕು. ಇಲ್ಲದಿದ್ದರೆ ನಿರಾಕರಿಸಬೇಕು.

“ಇವತ್ತು ನಿಮ್ಮ ಪಟ್ಟಿ ಅಕ್ಷರದ ಲೆಕ್ಕ ತಪ್ಪಿ ಹೆಚ್ಚು ಹೇಳ್ತು. ತಿರುಳುತಂತ್ರ ಬೇಲಿ ದಾಟಿ ಪಕ್ಕದ ಅಂಗಳದ್ದನ್ನೂ ಓದಿಬಿಡ್ತು.”

“ದಾಟೂ ಮುಂದ ನೋಡಬೇಕಿತ್ತಲ್ಲ?”

“ಆ ಪರೀಕ್ಷೆ ನಾನೇ ತೆಗೆದಿದ್ದೆ. ಮಾತು ಒಂದು ಚೂರು ತಡ ಆಗ್ತಿತ್ತು.”

“ಬೋರ್ಡು ನೋಡದ ನಾ ಯಾವತ್ತರ ಊರಿನ ಹೆಸರು ಕೂಗೀನೇನ್ರಿ? ಜನಾ ತಪ್ಪು ಬಸ್ ಹತ್ತತಿದ್ರು!”

ಮೇಧಾ ಅಲ್ಲೇ ಕುಳಿತು ಪರೀಕ್ಷೆಯನ್ನು ಮತ್ತೆ ಸೇರಿಸಿದರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

“ಇನ್ನ ಬ್ಯಾರೆ ಯಾರ ಮಾತೂ ಬರೂದಿಲ್ಲ.”

“ಅದಿರಲಿ. ಕಾಲು ಯಾರದು?”

“ಅದನ್ನ ಹೇಳೂ ಹಂಗಿಲ್ರಿ. ಖಾಸಗಿ.”

ವೀರಭದ್ರಪ್ಪ ಎದ್ದುಹೋಗಿ ಪಕ್ಕದ ಹಾಸಿಗೆಯ ಪರದೆ ಸರಿಸಿದರು. ಅಲ್ಲಿ ಜೈತುನ್‌ಬಿ ಮಲಗಿದ್ದರು. ಹೊಲಿಗೆ ಕಲಿಸುತ್ತಿದ್ದವರು, ಅಪಘಾತವಾಗಿ ಎಂಟು ತಿಂಗಳು. ಪ್ರಜ್ಞೆಯಿಲ್ಲವೆಂದು ವೈದ್ಯರು ಬರೆದು ಅವರ ನುಡಿಯಂತ್ರದ ದನಿಯನ್ನು ನಿಲ್ಲಿಸಿದ್ದರು. ಸಂಶೋಧನೆಗೆಂದು, ಮನಸ್ಸಿನ ಮಾತು ಗ್ರಹಿಸುವ ಭಾಗವನ್ನು ಮಾತ್ರ ಉಳಿಸಿದ್ದರು. ಪಾದ ಜೋತುಬೀಳದಂತೆ ಎಡಗಾಲಿಗೆ ಗಟ್ಟಿ ಬೂಟು ತೊಡಿಸಲಾಗಿತ್ತು.

ನರ್ಸ್ ಅದನ್ನು ಬಿಚ್ಚಿದರು. ಹಿಮ್ಮಡಿಯಲ್ಲಿ ಅಂಗೈಯಗಲದ ಹುಣ್ಣು. ವಾಸನೆಗೆ ಮೇಧಾ ಒಂದು ಹೆಜ್ಜೆ ಹಿಂದೆ ಸರಿದರು.

“ಯಾಕ ಹಿಂದ ಸರೀತೀರಿ? ನೋಡ್ರಿ!” ವೀರಭದ್ರಪ್ಪನವರ ಯಂತ್ರಕ್ಕೆ ಸಾಧ್ಯವಿದ್ದಷ್ಟು ದನಿ ಏರಿತು. “ಎಂಟು ತಿಂಗಳಾತು ನಿಮ್ಮ ಗಣಕ ಈಕಿ ಮಾತು ಕೇಳಾಕತ್ತೈತಿ. ಹೊರಗ ಬರಾಕ ಬಾಗಲಾ ಮಾತ್ರ ಇಡಲಿಲ್ಲ. ಇವತ್ತು ಆಗಿದ್ದು ತಪ್ಪಲ್ಲ, ಮೇಡಂ. ಇಷ್ಟು ದಿನ ಆಗಿದ್ದು ತಪ್ಪು!”

ಮೇಧಾ ಜೈತುನ್‌ಬಿಯ ದನಿಯ ಗುಂಡಿಯನ್ನು ಒತ್ತಿದರು. ಕೃತಜ್ಞತೆಯ ಮಾತೋ ಅಳುವೋ ಬರಬಹುದೆಂದು ಎಲ್ಲರೂ ಕಾದರು.

“ಇಷ್ಟು ದಿನ ನಾ ಆಡಿದ್ದೆಲ್ಲಾ ಎಲ್ಲಿ ಹೋತು?” ಎಂದಿತು ಯಂತ್ರ.

“ಕಡತದಾಗ ಅದ ರೀ. ಪ್ರಯೋಗಾಲಯಕ್ಕ ಹೋಗೇದ,” ಎಂದರು ಮೇಧಾ.

“ನನ್ನ ಕೇಳಿದ್ರೇನು? ದೇವರಿಗಿ ಬೇಡಿಕೊಂಡೀನಿ. ಸತ್ತ ಮಗಳ ಕೂಡ ಮಾತಾಡೀನಿ. ನಿಮ್ಮನ್ನೆಲ್ಲಾ ಬೈದೀನಿ. ಯಾರು ಓದಿದ್ರು ಅದನ್ನ?”

ಮೇಧಾ ಗಣಕದ ಪರದೆಯ ಮೇಲೆ ಆ ಕಡತವನ್ನು ತೆರೆದವರ ಪಟ್ಟಿ ತೆಗೆದರು. ಅದು ಖಾಲಿಯಾಗಿತ್ತು.

“ಯಾರೂ ಓದಿಲ್ಲ, ಜೈತುನ್‌ಬಿಯವರೇ. ಒಬ್ಬರೂ ಇಲ್ಲ.”

“ಓದಿದ್ರ ಬೈತಿದ್ದೆ,” ಎಂದಿತು ಯಂತ್ರ. “ಇದಕ್ಕ ಏನಂತ ಬೈಲಿ?”