ನೆಲವನ್ನು ಕೇಳದೆ ಕಟ್ಟಿದ ಅರಮನೆ

ಬಹಳ ಹಿಂದೆ ನೆನಪಿನ ಬಯಲು ಎಂಬ ರಾಜ್ಯವಿತ್ತು. ಅಲ್ಲಿ ಸದಾ ಮಂಜು. ನೆಲವನ್ನೆಲ್ಲ ಅಂಕಣಗಳಾಗಿ ಅಳೆದು ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದರು. ಆದರೆ ಯಾವ ಅಂಕಣದಲ್ಲಿ ಮನೆಯಿದೆಯೆಂದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಏನೂ ಕಟ್ಟದೆ ಬರಿದಾದ ಅಂಕಣಕ್ಕೆ ಸುಮ್ಮನೆ ಕಾಲಿಟ್ಟವನನ್ನು ನೆಲ ನುಂಗುತ್ತಿತ್ತು. ಇನ್ನೊಬ್ಬರ ಮನೆಯ ಮೇಲೆ ಕಟ್ಟಿದರೆ ಕೆಳಗಿನ ಮನೆ ಸದ್ದಿಲ್ಲದೆ ಕರಗುತ್ತಿತ್ತು. ಅಲ್ಲಿದ್ದವರ ಹೆಸರೂ ಯಾರಿಗೂ ನೆನಪಿರುತ್ತಿರಲಿಲ್ಲ. ಅದಕ್ಕೇ ಕಟ್ಟುವ ಮೊದಲು ಅಂಚಿನಲ್ಲಿ ನಿಂತು ನೆಲವನ್ನು ಕೇಳುವುದು ಅಲ್ಲಿಯ ಪದ್ಧತಿ.

ಆ ರಾಜ್ಯವನ್ನು ಕರಿಜಟ್ಟಿ ಎಂಬ ಮಾಂತ್ರಿಕ ಆಳುತ್ತಿದ್ದ. ತನ್ನ ಪ್ರಾಣವನ್ನು ಮಂಜಿನೊಳಗೆ ಒಂದು ಗುಡಿಸಲಲ್ಲಿ ಬಚ್ಚಿಟ್ಟು, ಗುಟ್ಟು ಹೊರಬೀಳದಿರಲೆಂದು ಆ ಜಾಗ ತನಗೇ ಮರೆಯುವಂತೆ ಮಂತ್ರ ಹಾಕಿಕೊಂಡಿದ್ದ. ಅತಿ ಜಾಣತನ ಅಂದರೆ ಇದು.

ಅವನು ಕಲ್ಲೇಶ ಎಂಬ ಕಲ್ಲುಕುಟಿಗನನ್ನು ಕರೆಸಿ ಮೂರು ಅರಮನೆ ಕಟ್ಟು ಎಂದ. ಒಲ್ಲೆನೆಂದರೆ ತಲೆ ಹೋಗುತ್ತಿತ್ತು. ಕಲ್ಲೇಶನಿಗೆ ಒಂದೇ ದಿಗಿಲು. ಅವನ ಅಕ್ಕ ಗಂಗವ್ವ ತುಂಬು ಬಸುರಿ, ಆ ಮಂಜಿನಲ್ಲೇ ಎಲ್ಲೋ ಇದ್ದಳು. ಅವಳ ಕೂಸಿಗೆಂದು ಅವನು ತೊಟ್ಟಿಲು ಮಾಡುತ್ತಿದ್ದ.

ಮೊದಲ ಅರಮನೆಗೆ ಅವನು ಮೊದಲ ಅಂಕಣವನ್ನೂ ಕೊನೆಯದನ್ನೂ ಕೇಳಿದ. ಎರಡೂ ಬರಿದು ಎಂದಿತು ನೆಲ. ಕಟ್ಟಿದ. ಮಾರನೆಯ ದಿನ ಅವನ ಜಗುಲಿಯಲ್ಲಿ ಒಂದು ಊರುಗೋಲಿತ್ತು. ಯಾರದೆಂದು ಊರಿಗೇ ತಿಳಿಯಲಿಲ್ಲ. ನಡುವಿನ ಅಂಕಣಗಳನ್ನು ಕೇಳಲೇ ಇಲ್ಲವಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಎರಡನೆಯದಕ್ಕೆ ಒಂದೊಂದು ಅಂಕಣವನ್ನೂ ಕೇಳಿದ. ಎಲ್ಲ ಬರಿದು. ಕಲ್ಲು ತರಲು ಹೋಗಿ ಬರುವಷ್ಟರಲ್ಲಿ ಯಾರೋ ಅಲ್ಲಿ ಬಂದು ಒಕ್ಕಲಾಗಿದ್ದರು, ಅವನಿಗೆ ಕಾಣಲಿಲ್ಲ. ಕಟ್ಟಿ ಮುಗಿಸಿದಾಗ ದಾರಿಯಲ್ಲಿ ಪುಟ್ಟ ಚಪ್ಪಲಿಗಳು ಬಿದ್ದಿದ್ದವು. ಮನೆಗೆ ಓಡಿ ತೊಟ್ಟಿಲು ನೋಡಿದ. ಅದು ಯಾರ ಕೂಸಿಗೆಂದು ಇನ್ನೂ ನೆನಪಿತ್ತು. ಕುಳಿತು ಅತ್ತುಬಿಟ್ಟ.

ಮೂರನೆಯ ಸಲ ಕಲ್ಲು ಹೊತ್ತುಕೊಂಡೇ ಅಂಚಿನಲ್ಲಿ ನಿಂತ. ನೋಡಲು ಕರಿಜಟ್ಟಿಯೂ ಬಂದಿದ್ದ.

"ತಾಯೀ, ಇಷ್ಟಗಲದಲ್ಲಿ ಯಾರೂ ಇಲ್ಲದಿದ್ದರೆ ಈ ಗಳಿಗೆಯೇ ನನಗೆ ಕೊಡು. ಒಂದು ಜೀವ ಇದ್ದರೂ ಕೊಡಬೇಡ," ಎಂದ ಕಲ್ಲೇಶ.

"ಕೊಡುವುದಿಲ್ಲ. ಒಂದು ಜೀವ ಇದೆ," ಎಂದಿತು ನೆಲ.

ಕಲ್ಲೇಶ ಕಲ್ಲು ಕೆಳಗಿಟ್ಟ. "ಒಡೆಯಾ, ಇಲ್ಲಿ ನಾನು ಕಟ್ಟುವುದಿಲ್ಲ. ಬೇಕಾದರೆ ತಲೆ ತೆಗೆಯಿರಿ."

ನೆಲವನ್ನು ಕೇಳಿ ಕಟ್ಟುವುದು ಬಡವರ ಪಾಡು ಎಂದು ಕರಿಜಟ್ಟಿ ನಕ್ಕ. ಮಂತ್ರ ಹೇಳಿ ಅರಮನೆಯನ್ನು ತಾನೇ ಅಲ್ಲಿ ನಿಲ್ಲಿಸಿದ. ಕಲ್ಲೇಶ ಕಣ್ಣು ಮುಚ್ಚಿ, ಮರೆಯಬಾರದೆಂದು ಅಕ್ಕನ ಹೆಸರನ್ನು ಮತ್ತೆ ಮತ್ತೆ ಹೇಳಿಕೊಂಡ.

ಸದ್ದೇ ಆಗಲಿಲ್ಲ. ಕಣ್ಣು ಬಿಟ್ಟಾಗ ಅಕ್ಕನ ಹೆಸರು ಬಾಯಲ್ಲೇ ಇತ್ತು. ಅರಮನೆಯ ಕೆಳಗೆ ಕರಗಿದ್ದು ಕರಿಜಟ್ಟಿಯ ಪ್ರಾಣವಿದ್ದ ಗುಡಿಸಲು. ಅವನ ಅರಮನೆಗಳೆಲ್ಲ ಅವನೊಂದಿಗೇ ಹೋದವು, ಅವುಗಳ ಅಡಿಯ ಮನೆಗಳು ಮತ್ತೆ ಎದ್ದು ನಿಂತವು. ಮುದುಕನೊಬ್ಬ ಊರುಗೋಲು ಕೇಳಿಕೊಂಡು ಬಂದ, ಪುಟ್ಟ ಹುಡುಗಿ ಚಪ್ಪಲಿ ಕೇಳಿಕೊಂಡು ಬಂದಳು. ಗಂಗವ್ವ ಕೂಸನ್ನೆತ್ತಿಕೊಂಡು ತೊಟ್ಟಿಲು ಕೇಳಿಕೊಂಡು ಬಂದಳು. ಎಲ್ಲರೂ ಉಂಡುಟ್ಟು ಸುಖವಾಗಿದ್ದರು.

ಆ ದಿನ ಕಲ್ಲೇಶನ ಕಾಲ ಬಳಿ ಒಂದು ಕಿರೀಟ ಬಿದ್ದಿತ್ತು. ಯಾರದೆಂದು ಯಾರಿಗೂ ತಿಳಿಯಲಿಲ್ಲ. ಗಂಗವ್ವ ಅದರಲ್ಲಿ ಕೋಳಿಗೆ ಕಾಳು ಹಾಕುತ್ತಿದ್ದಳು.